ಮೊಣಕಾಲುದ್ದದ ಕಡಲು

ಮೇಷ್ಟರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಪ್ರಥಮ ಪಿಯುಸಿ ಓದುತ್ತಿದ್ದ ಮಗಳು ಆ ಹಾಳೆಯನ್ನು ಮೂರು ದಿನ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಕೆಳಗೆ ಸಿಕ್ಕಿಸಿಟ್ಟಳು. ಅವರು ಪ್ರತಿ ಊಟಕ್ಕೂ ಜಾಡಿ ಎತ್ತಿ, ಉಪ್ಪಿನಕಾಯಿ ಬಡಿಸಿಕೊಂಡು, ಹಾಳೆಯ ಮೇಲೆಯೇ ಮತ್ತೆ ಜಾಡಿ ಇಟ್ಟರು. ನಾಲ್ಕನೆಯ ದಿನ ಹಾಳೆಯ ಮೇಲೆ ಎಣ್ಣೆಯ ಒಂದು ದೊಡ್ಡ ವೃತ್ತ ಮೂಡಿತ್ತು. ಸಹಿ ಮಾತ್ರ ಇರಲಿಲ್ಲ.

ಕಾಲೇಜಿನ ಪ್ರವಾಸ ಗೋಕರ್ಣದ ಕಡೆಗೆ. ‘ನನ್ನ ಮಗ/ಮಗಳನ್ನು ನನ್ನ ಸ್ವಂತ ಜವಾಬ್ದಾರಿಯ ಮೇಲೆ ಕಳುಹಿಸುತ್ತಿದ್ದೇನೆ’ ಎಂಬ ಸಾಲು ಆ ಪತ್ರದ ಕೊನೆಯಲ್ಲಿತ್ತು. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ಮೇಷ್ಟರು ಇದೇ ಸಾಲನ್ನು ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ಅಪ್ಪ ಅಮ್ಮಂದಿರ ಕೈಯಲ್ಲಿ ಸಹಿ ಮಾಡಿಸಿಕೊಂಡವರು. ತಮ್ಮ ಸರದಿ ಬಂದಾಗ ಅದನ್ನು ಮೊದಲ ಬಾರಿ ಪೂರ್ತಿ ಓದಿದರು ಎಂದರೆ ತಪ್ಪಾಗಲಾರದು.

ಅವರ ಹಟಕ್ಕೆ ಕಾರಣವಿತ್ತು. ಅದು 2024ರ ಡಿಸೆಂಬರ್ ತಿಂಗಳು. ಮುರ್ಡೇಶ್ವರದ ಕಡಲತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾಗಿದ್ದರು. ಆ ಸುದ್ದಿ ಬಂದ ದಿನ ಮೇಷ್ಟರು ಪತ್ರಿಕೆಯನ್ನು ಮಡಚಿ ಅಲಮಾರಿನ ಮೇಲಿಟ್ಟರು, ಮನೆಯಲ್ಲಿ ಯಾರಿಗೂ ಸಿಗದ ಹಾಗೆ. ಸಿಗದಿರಲು ಈಗಿನ ಕಾಲದಲ್ಲಿ ಪತ್ರಿಕೆಯನ್ನು ಬಚ್ಚಿಟ್ಟರೆ ಸಾಕೇ? ಮಗಳು ಅದನ್ನು ಅವರಿಗಿಂತ ಮೊದಲೇ ಮೊಬೈಲಿನಲ್ಲಿ ಓದಿದ್ದಳು.

ಜನವರಿಯಲ್ಲಿ ಗೆಳತಿಯರು ಹೋಗಿ ಬಂದರು. ಮಗಳು ಮನೆಯಲ್ಲಿ ಮಾತು ಬಿಟ್ಟಳು. ಪೂರ್ತಿ ಬಿಟ್ಟಳೆಂದಲ್ಲ. ‘ಹಾಲು ಬಂತು’, ‘ಫೋನು ಬಂತು’, ‘ಕರೆಂಟು ಹೋಯಿತು’ ಎಂಬಂಥ ವರದಿಗಳು ನಡೆದೇ ಇದ್ದವು. ರಾತ್ರಿ ಹೊದಿಕೆಯೊಳಗೆ ಮೊಬೈಲಿನ ಬೆಳಕಿನಲ್ಲಿ ಗೆಳತಿಯರ ಫೋಟೋ ನೋಡುತ್ತಿದ್ದುದನ್ನು ತಾಯಿ ಕಂಡರು. ಮಾರನೆಯ ಬೆಳಿಗ್ಗೆ ಗಂಡನಿಗೆ ಕಾಫಿ ಕೊಡುವಾಗ ಅಂದರು: “ಅವಳನ್ನ ಕಳಿಸೋದಕ್ಕೆ ನಿಮಗೆ ಭಯ. ಸರಿ. ಕರ್ಕೊಂಡು ಹೋಗೋದಕ್ಕೂ ಭಯಾನಾ?”

ಹೀಗಾಗಿ ಪರೀಕ್ಷೆ ಮುಗಿದ ಮೇಲೆ, ಮಾರ್ಚ್ ತಿಂಗಳಲ್ಲಿ, ಅಪ್ಪ ಮಗಳು ಇಬ್ಬರೇ ಹುಬ್ಬಳ್ಳಿಯ ಬಸ್ಸು ಹತ್ತಿದರು. ತಾಯಿಗೆ ರಜೆ ಇರಲಿಲ್ಲ.

ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿಯುವಾಗ ಕಿಟಕಿಯ ಗಾಳಿ ಬದಲಾಗುತ್ತದೆ. ಬಯಲುಸೀಮೆಯ ಒಣ ಗಾಳಿಗೆ ಒಗ್ಗಿದ ಚರ್ಮಕ್ಕೆ ಅದು ತಕ್ಷಣ ಗೊತ್ತಾಗುತ್ತದೆ. ಅಂಗಿಯ ಕಾಲರು ಕತ್ತಿಗೆ ಅಂಟುತ್ತದೆ. ಅಂಕೋಲಾದಲ್ಲಿ ಇಳಿದಾಗ ಮೇಷ್ಟರು ತಮ್ಮ ಕಸುಬು ಬಿಡಲಿಲ್ಲ. 1930ರ ಉಪ್ಪಿನ ಸತ್ಯಾಗ್ರಹ ಕರ್ನಾಟಕದಲ್ಲಿ ನಡೆದದ್ದು ಇದೇ ಅಂಕೋಲಾದಲ್ಲಿ ಎಂದು ಹೇಳಿದರು. “ಗೊತ್ತು, ಎಂಟನೇ ಕ್ಲಾಸಲ್ಲಿತ್ತು” ಎಂದಳು ಮಗಳು. ಎರಡೂವರೆ ತಿಂಗಳಲ್ಲಿ ಅದು ಅವಳ ಅತಿ ಉದ್ದದ ವಾಕ್ಯ.

ಗೋಕರ್ಣಕ್ಕೆ ಬಂದವರು ಎರಡು ಬಗೆ. ಒಂದು ಬಗೆಯವರು ಬಸ್ಸಿಳಿದು ಕೋಟಿತೀರ್ಥಕ್ಕೆ, ಮಹಾಬಲೇಶ್ವರನ ಗುಡಿಗೆ ನಡೆಯುತ್ತಾರೆ. ಇನ್ನೊಂದು ಬಗೆಯವರು ಬೆನ್ನಿಗೆ ದೊಡ್ಡ ಚೀಲ ಹೇರಿಕೊಂಡು ದಕ್ಷಿಣದ ಗುಡ್ಡ ಹತ್ತುತ್ತಾರೆ. ತೆಂಗಿನಕಾಯಿ, ಹೂವು, ರುದ್ರಾಕ್ಷಿಯ ಅಂಗಡಿಗಳ ಪಕ್ಕದಲ್ಲೇ ಬಣ್ಣಬಣ್ಣದ ಜೋಲುಪ್ಯಾಂಟುಗಳು ತೂಗಾಡುವ ಬೀದಿ ಅದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೂ ನೋಡದಂತೆ ಓಡಾಡುವುದನ್ನು ಊರು ಎಂದೋ ಅಭ್ಯಾಸ ಮಾಡಿಕೊಂಡಿದೆ. ಮೇಷ್ಟರು ಮೊದಲ ಬಗೆಯವರಾಗಿ ಬಂದು ಮರುದಿನ ಎರಡನೆಯ ಬಗೆಗೆ ಸೇರಬೇಕಿತ್ತು.

ಸಂಜೆ ದರ್ಶನ ಮುಗಿಸಿ ಊರಿನ ಮುಂದಿನ ಕಡಲತೀರದಲ್ಲಿ ಕುಳಿತರು. ನೀರಿನಿಂದ ಮೂವತ್ತು ಅಡಿ ದೂರದಲ್ಲಿ. ಅಂತರವನ್ನು ಗೊತ್ತುಮಾಡಿದವರು ಮೇಷ್ಟರೇ. ರಾವಣ ಸಂಧ್ಯಾವಂದನೆಗೆ ಹೊರಟು, ದನ ಕಾಯುವ ಹುಡುಗನ ಕೈಗೆ ಆತ್ಮಲಿಂಗ ಕೊಟ್ಟು, ಬಂದು ನೋಡಿದರೆ ಲಿಂಗ ನೆಲಕ್ಕಿಳಿದಿತ್ತು ಎಂಬ ಕತೆ ಯಾರಿಗೆ ಗೊತ್ತಿಲ್ಲ? ಹುಡುಗರ ಕೈಗೆ ಬೆಲೆಬಾಳುವ ವಸ್ತು ಕೊಟ್ಟರೆ ಹೀಗೇ ಆಗುವುದು ಎಂದು ಮೇಷ್ಟರು ತಮಾಷೆ ಮಾಡಿದರು. ಮಗಳು ನಗಲಿಲ್ಲ. “ಆ ಹುಡುಗ ಗಣಪತಿ ಅಪ್ಪಾಜಿ. ಅವನು ಬೇಕೂಂತಲೇ ಇಟ್ಟ” ಎಂದಳು.

ಗೋಕರ್ಣದ ಕಡಲ ನಡಿಗೆಗೆ ಬೆಳಗಿನ ಜಾವವೇ ಒಳ್ಳೆಯದು. ಊರಿನ ತೀರದ ದಕ್ಷಿಣದ ತುದಿಯಿಂದ ಹೊರಟು ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ನಾಲ್ಕು ತೀರಗಳನ್ನು ಗುಡ್ಡ ಹತ್ತಿ ಇಳಿದು ದಾಟಿದರೆ ಒಟ್ಟು ಏಳೆಂಟು ಕಿಲೋಮೀಟರು. ನಕ್ಷೆಯಲ್ಲಿ ಇದು ಏನೇನೂ ಅಲ್ಲ. ಆದರೆ ಪ್ರತಿ ತೀರದ ನಡುವೆಯೂ ಸಮುದ್ರದೊಳಕ್ಕೆ ಮೂಗು ಚಾಚಿದ ಒಂದೊಂದು ಗುಡ್ಡವಿದೆ. ಬಿಸಿಲೇರಿದ ಮೇಲೆ ಒಂದೊಂದು ಗುಡ್ಡವೂ ಎರಡಾಗುತ್ತದೆ. ಬೆಳಿಗ್ಗೆ ಸೂರ್ಯ ಗುಡ್ಡದ ಹಿಂದೆ ಇರುವುದರಿಂದ ಮರಳು ಬಹಳ ಹೊತ್ತು ನೆರಳಿನಲ್ಲಿರುತ್ತದೆ. ಇವರು ಆರೂವರೆಗೆ ಹೊರಟರು: ಎರಡು ಲೀಟರಿನ ಎರಡು ನೀರಿನ ಬಾಟಲಿ, ಅವಲಕ್ಕಿ ಚೂಡಾ, ಒಂದು ಟಾರ್ಚು, ಒಂದು ಹಗ್ಗ. ಹಗ್ಗ ಏಕೆಂದು ಮಗಳು ಕೇಳಿದಳು. ಮೇಷ್ಟರು ಉತ್ತರ ಕೊಡಲಿಲ್ಲ.

ರಾಮತೀರ್ಥದ ಮೆಟ್ಟಿಲು ಹತ್ತಿದರೆ ರಾಮನ ಗುಡಿ, ಅದರ ಪಕ್ಕದಲ್ಲಿ ಬಂಡೆಯಿಂದ ಸುರಿಯುವ ಸಿಹಿನೀರು. ಎದುರಿಗೆ ಕಣ್ಣು ಹಾಯುವಷ್ಟೂ ಉಪ್ಪುನೀರು. ಅಲ್ಲಿಂದ ಮೇಲಕ್ಕೆ ಚಿರೆಕಲ್ಲಿನ ಬೋಳು ಹರವು. ಕರಾವಳಿಯ ಮನೆಗಳ ಗೋಡೆಯಲ್ಲಿ ಕಾಣುವ, ತೂತು ತೂತಾದ ಕೆಂಪು ಕಲ್ಲೇ ಇದು. ಅಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. 1801ರಲ್ಲಿ ಈ ಸೀಮೆಯನ್ನೆಲ್ಲ ಸುತ್ತಿ ಗೋಕರ್ಣಕ್ಕೂ ಬಂದುಹೋದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಕಂಡ ಇದೇ ಜಾತಿಯ ಕಲ್ಲಿಗೆ 1807ರ ತನ್ನ ಪುಸ್ತಕದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಲೋಕದ ಭೂಗರ್ಭಶಾಸ್ತ್ರಕ್ಕೆಲ್ಲ ಆ ಹೆಸರೇ ನಿಂತಿತು. ಮೇಷ್ಟರು ಇದನ್ನು ಹೇಳಿದಾಗ ಮಗಳು ಬಗ್ಗಿ ಕಲ್ಲಿನ ಒಂದು ತೂತಿಗೆ ಬೆರಳು ಹಾಕಿ ನೋಡಿದಳು. ಒಳಗೆ ಇರುವೆ ಇತ್ತು.

ಕುಡ್ಲೆಗೆ ಇಳಿದಾಗ ಏಳು ಗಂಟೆ. ಅರ್ಧಚಂದ್ರದಂತೆ ಬಾಗಿದ ಉದ್ದ ತೀರ. ಗೋವೆಯ ಗದ್ದಲ ಬೇಡವೆಂದ ವಿದೇಶಿಯರು 1990ರ ದಶಕದಲ್ಲಿ ತಿಂಗಳುಗಟ್ಟಲೆ ಬಂದು ಉಳಿಯುತ್ತಿದ್ದುದು ಇಲ್ಲೇ. ಅಂದಿನ ಸೋಗೆಯ ಗುಡಿಸಲುಗಳಿಗೆ ಈಗ ಸಿಮೆಂಟಿನ ಕೋಣೆಗಳು ಜೊತೆಯಾಗಿವೆ. ಮರಳಿನ ಮೇಲೆ ಏಡಿಗಳು ಉರುಳಿಸಿಟ್ಟ ಸಣ್ಣ ಸಣ್ಣ ಗುಂಡುಗಳ ರಂಗೋಲಿ, ಅದರಾಚೆ ನೇರಳೆ ಹೂವಿನ ಅಡುಂಬು ಬಳ್ಳಿ. ಈ ಬಳ್ಳಿ ಮರಳನ್ನು ಬೇರಿನಲ್ಲಿ ಹಿಡಿದಿಡುತ್ತದೆ. ಕುರ್ಚಿ ಹಾಕಲು ಜಾಗ ಬೇಕೆಂದು ಅದನ್ನು ಕಿತ್ತ ಕಡೆಯಲ್ಲೆಲ್ಲ ಮರಳು ಹಿಂದೆ ಸರಿಯುತ್ತದೆ. ಬಳ್ಳಿಗಿಂತ ಕುರ್ಚಿ ಚಂದವೆಂದು ಯಾರಿಗೆ ತೋರಿತೋ.

ಬನ್ನು, ಚಹಾ ಮುಗಿಸಿ ಮುಂದಿನ ಗುಡ್ಡ ಹತ್ತಿದರು. ದಾರಿಯ ಬದಿಯಲ್ಲಿ ಗೇರುಮರಗಳು. ಮಾರ್ಚ್ ಆದ್ದರಿಂದ ಹಣ್ಣು ಬಿದ್ದು ಹುಳಿ ವಾಸನೆ ಹರಡಿತ್ತು. ಮಗಳು ಒಂದು ಹಣ್ಣು ಕಚ್ಚಿ ಗಂಟಲು ಕೆರೆದು ಕೆಮ್ಮಿದಳು; ಮೇಷ್ಟರು ನಕ್ಕರು; ಅವಳೂ ನಕ್ಕಳು. ಸಂಧಿಗೆ ಇಷ್ಟು ಸಾಕಾಯಿತು. ಅಲ್ಲಿಂದ ಓಂ ತೀರದ ತನಕ ಅವಳು ಮಾತು ನಿಲ್ಲಿಸಲಿಲ್ಲ.

ಗುಡ್ಡದ ಅಂಚಿನಿಂದ ನೋಡಿದರೆ ಓಂ ತೀರಕ್ಕೆ ಆ ಹೆಸರು ಏಕೆ ಬಂತೆಂದು ತಿಳಿಯುತ್ತದೆ. ಎರಡು ಬಾಗಿದ ತೀರಗಳು, ನಡುವೆ ಸಮುದ್ರಕ್ಕೆ ಚಾಚಿದ ಬಂಡೆಗಳು. ದೇವನಾಗರಿಯ ಓಂಕಾರವನ್ನು ಮಲಗಿಸಿದ ಹಾಗೆ. ಕೆಳಗೆ ಆಗಲೇ ಜನ ಸೇರಿದ್ದರು. ಮಗಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಿಂತು ಅಪ್ಪನ ಮುಖ ನೋಡಿದಳು. ಕೇಳಲಿಲ್ಲ. ಕೇಳದೆ ನಿಲ್ಲುವುದು ಕೇಳುವುದಕ್ಕಿಂತ ಜೋರಾದ ಒತ್ತಾಯ ಎಂಬುದು ಮಕ್ಕಳಿರುವವರಿಗೆಲ್ಲ ಗೊತ್ತು.

ಮೇಷ್ಟರು ಒಂದು ಉಪಾಯ ಕಂಡುಕೊಂಡರು. ಹಳದಿ ಅಂಗಿಯ ಜೀವರಕ್ಷಕನೊಬ್ಬ ಬಂಡೆಯ ನೆರಳಿನಲ್ಲಿ ಕುಳಿತಿದ್ದ. ಸುಮಾರು ನಲವತ್ತು ವಯಸ್ಸು. ಮೀನುಗಾರರ ಮನೆಯವನು ಎಂದು ಮಾತಿನಲ್ಲಿ ತಿಳಿಯಿತು. ಅವನೇ ‘ಬೇಡ’ ಎಂದುಬಿಟ್ಟರೆ ತಮ್ಮ ಮೇಲೆ ದೂರು ಬರುವುದಿಲ್ಲ ಎಂಬುದು ಅವರ ಲೆಕ್ಕ.

“ಇಲ್ಲಿ ನೀರಿಗೆ ಇಳೀಬಹುದಾ?”

“ಎಲ್ಲಿ ಇಳೀತೀರಿ ಅಂತ ಹೇಳಿ, ಆಮೇಲೆ ನಾನು ಹೇಳ್ತೆ” ಎಂದ ಅವನು.

ಮೇಷ್ಟರು ತೀರವನ್ನೆಲ್ಲ ನೋಡಿದರು. ಒಂದು ಕಡೆ ತೆರೆಗಳು ಬಿಳಿ ನೊರೆಯೆಬ್ಬಿಸಿ ಒಡೆಯುತ್ತಿದ್ದವು. ಬಂಡೆಗೆ ಹತ್ತಿರವಾಗಿ, ಇಪ್ಪತ್ತಡಿ ಅಗಲದ ಒಂದು ಪಟ್ಟಿಯಲ್ಲಿ ಮಾತ್ರ ತೆರೆಯೇ ಇಲ್ಲ. ನೀರು ಕೆರೆಯಂತೆ ಸಪಾಟಾಗಿ, ಸ್ವಲ್ಪ ಕಪ್ಪಾಗಿ ಇತ್ತು. ಅವರು ಅದನ್ನೇ ತೋರಿಸಿದರು.

ಜೀವರಕ್ಷಕ ನಕ್ಕ. “ಎಲ್ಲರೂ ಅದನ್ನೇ ತೋರಿಸ್ತಾರೆ ಸಾರ್. ಓದಿದವರು ಇನ್ನೂ ಬೇಗ ತೋರಿಸ್ತಾರೆ.”

ಆಮೇಲೆ ಅವನು ಒಂದು ಕಡ್ಡಿ ತೆಗೆದುಕೊಂಡು ಮರಳಿನ ಮೇಲೆ ಗೆರೆ ಎಳೆದು ಪಾಠ ಮಾಡಿದ. ತೆರೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕು. ದಡದ ಎದುರಿಗೆ ನೀರಿನಡಿಯಲ್ಲಿ ಮರಳಿನ ದಿಬ್ಬಗಳಿರುತ್ತವೆ. ತೆರೆ ಒಡೆಯುವುದು ಆ ದಿಬ್ಬದ ಮೇಲೆ. ದಿಬ್ಬಗಳ ನಡುವೆ ಎಲ್ಲಿ ಸಂದು ಇದೆಯೋ, ಅಥವಾ ಬಂಡೆಯ ಪಕ್ಕದಲ್ಲಿ ಎಲ್ಲಿ ಆಳವಿದೆಯೋ ಅಲ್ಲಿಂದ ಅಷ್ಟೂ ನೀರು ಒಟ್ಟಾಗಿ ಹೊರಗೆ ಓಡುತ್ತದೆ. ಅಲ್ಲಿ ಆಳ ಹೆಚ್ಚು, ಆದ್ದರಿಂದ ತೆರೆ ಒಡೆಯುವುದಿಲ್ಲ. ತೆರೆ ಒಡೆಯದ್ದರಿಂದ ಶಾಂತವಾಗಿ ಕಾಣುತ್ತದೆ. “ಚಂದ ಕಾಣ್ತದೆ. ಅದೇ ಬಾಯಿ” ಎಂದ ಅವನು.

ಸಿಕ್ಕಿಕೊಂಡವನು ಮಾಡುವ ತಪ್ಪು ಒಂದೇ: ದಡ ಎದುರಿಗೆ ಕಾಣುತ್ತದೆ, ನೇರ ದಡದ ಕಡೆಗೆ ಕೈ ಬಡಿಯುತ್ತಾನೆ. ಬಲವಾದ ಸೆಳೆತ ಸೆಕೆಂಡಿಗೆ 2 ಮೀಟರಿನ ವೇಗವನ್ನೂ ಮುಟ್ಟಬಲ್ಲದು. ಮೇಷ್ಟರ ತಲೆ ತಾನಾಗಿಯೇ ಲೆಕ್ಕ ಹಾಕಿತು. 100 ಮೀಟರಿಗೆ 50 ಸೆಕೆಂಡು. ಅಷ್ಟು ವೇಗವಾಗಿ ಈಜುವವರು ಒಲಿಂಪಿಕ್ಸ್‌ನಲ್ಲಿ ಸಿಗುತ್ತಾರೆ; ಅವರೂ ಅಲ್ಲಿ ಇದ್ದಲ್ಲೇ ಇರುತ್ತಾರೆ. ಮನುಷ್ಯನನ್ನು ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ, ಅಷ್ಟೆ. ಮುಳುಗಿಸುವುದು ಆಯಾಸ ಮತ್ತು ಗಾಬರಿ. ಮಾಡಬೇಕಾದದ್ದು ಇಷ್ಟು: ಕಾದಾಡದೆ ತೇಲಬೇಕು, ಕೈ ಎತ್ತಿ ಕೂಗಬೇಕು, ಈಜು ಬಲ್ಲವನಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಪಟ್ಟಿ ಅಗಲವಿರುವುದಿಲ್ಲ; ಅದರಿಂದ ಹೊರಬಿದ್ದರೆ ಒಡೆಯುವ ತೆರೆಗಳೇ ದಡಕ್ಕೆ ತಳ್ಳುತ್ತವೆ. ಇನ್ನೊಂದು ಮಾತು. ಒಬ್ಬ ಸಿಕ್ಕಿಕೊಂಡನೆಂದು ಈಜು ಬಾರದ ಗೆಳೆಯ ಹಾರಬಾರದು. ತೇಲುವ ಏನನ್ನಾದರೂ ಎಸೆಯಬೇಕು. ಖಾಲಿ ಕ್ಯಾನು, ಬಿರಡೆ ಹಾಕಿದ ದೊಡ್ಡ ಬಾಟಲಿ, ಏನಾದರೂ ಸರಿ.

ಸಮಾನಾಂತರ ರೇಖೆಗಳನ್ನು ಇಪ್ಪತ್ತೆರಡು ವರ್ಷ ಕರಿಹಲಗೆಯ ಮೇಲೆ ಎಳೆದ ಮೇಷ್ಟರು ಮರಳಿನ ಮೇಲಿನ ಆ ಗೆರೆಯನ್ನು ಬಹಳ ಹೊತ್ತು ನೋಡಿದರು.

“ಈಗ ಎಲ್ಲಿ ಇಳೀತೀರಿ?” ಎಂದು ಕೇಳಿದ ಜೀವರಕ್ಷಕ. ಉತ್ತರ ಹೇಳಿದವಳು ಮಗಳು. ನೊರೆ ಇರುವ ಕಡೆ ಬೆರಳು ತೋರಿಸಿದಳು. “ಮೊಣಕಾಲು. ಅದರ ಮೇಲೆ ಬೇಡ. ಮೊಣಕಾಲು ದಾಟಿತು ಅಂದ್ರೆ ಕಾಲು ನಿಮ್ಮ ಮಾತು ಕೇಳೂದಿಲ್ಲ” ಎಂದ ಅವನು.

ಹಾಗೆ ಮೇಷ್ಟರೂ ಇಳಿಯಬೇಕಾಯಿತು. ಪ್ಯಾಂಟು ಮಡಚಿ, ಮಗಳ ಮಣಿಕಟ್ಟು ಹಿಡಿದು. ಹಿಂದೆ ಸರಿಯುವ ತೆರೆ ಅಂಗಾಲಿನ ಕೆಳಗಿನ ಮರಳನ್ನು ಕದಿಯುವಾಗ ಇಡೀ ಭೂಮಿಯೇ ಜಾರಿದಂತಾಗಿ ಅವರು ‘ಅಯ್ಯೋ’ ಎಂದರು. ಆಗ ಹಿಡಿತ ಅದಲುಬದಲಾಯಿತು. ಮಗಳು ಅವರ ಮಣಿಕಟ್ಟು ಹಿಡಿದಿದ್ದಳು.

ಸೀಟಿ ಕೇಳಿದ್ದು ಅವರು ದಡಕ್ಕೆ ಬಂದು ಕಾಲು ಒರೆಸಿಕೊಳ್ಳುತ್ತಿದ್ದಾಗ. ಆರೇಳು ಹುಡುಗರು, ಕಾಲೇಜಿನವರು, ಬಂಡೆಯ ಪಕ್ಕದ ಆ ಶಾಂತವಾದ ಪಟ್ಟಿಗೇ ಇಳಿದಿದ್ದರು. ಎರಡು ಸೀಟಿಗೆ ಐದು ಜನ ಹಿಂದಕ್ಕೆ ಬಂದರು. ಒಬ್ಬ ಬರಲಿಲ್ಲ. ಅವನು ನಗುತ್ತ ಕೈಯಾಡಿಸುತ್ತಿದ್ದಾನೆ ಎಂದು ದಡದಲ್ಲಿದ್ದವರಿಗೆ ತೋರಿತು. ಮುಖ ಸರಿಯಾಗಿ ಕಂಡಾಗ ಅದು ನಗೆಯಾಗಿರಲಿಲ್ಲ. ಜೀವರಕ್ಷಕ ಆಗಲೇ ನೀರಿನಲ್ಲಿದ್ದ, ತೋಳಿಗೆ ಕೆಂಪು ತೇಲುಕ ಸಿಕ್ಕಿಸಿಕೊಂಡು. ಅವನು ಸೆಳೆತದ ವಿರುದ್ಧ ಹೋಗಲಿಲ್ಲ, ಅದರ ಜೊತೆಗೇ ಹೋದ. ಅದು ಅವನನ್ನು ಹುಡುಗನ ಬಳಿಗೆ ತಾನೇ ಕೊಂಡೊಯ್ದಿತು. ಬಳಿಕ ಇಬ್ಬರೂ ತೇಲುಕಕ್ಕೆ ಜೋತುಬಿದ್ದು ಪಕ್ಕಕ್ಕೆ, ದೂರದ ನೊರೆಯ ಕಡೆಗೆ ನಿಧಾನ ಸರಿದರು. ಐದು ನಿಮಿಷ ಆಗಿರಬಹುದು, ಆರು ಇರಬಹುದು. ಮಗಳ ಉಗುರುಗಳು ಮೇಷ್ಟರ ಕೈಯಲ್ಲಿ ಊರಿದ್ದವು. ಅವರಿಗೆ ಗೊತ್ತಾದದ್ದು ಆಮೇಲೆ.

ಹುಡುಗನನ್ನು ದಡಕ್ಕೆ ತಂದು ಮಗ್ಗುಲಾಗಿ ಮಲಗಿಸಿದರು. ಅವನು ನೀರು ಕಾರಿದ, ಕೆಮ್ಮಿದ, ಎದ್ದು ಕುಳಿತ. ಗೆಳೆಯರಲ್ಲಿ ಒಬ್ಬ ಅಳುತ್ತಿದ್ದ, ಒಬ್ಬ ಜೀವರಕ್ಷಕನ ಕಾಲು ಹಿಡಿಯಲು ಹೋಗಿ ಬೈಸಿಕೊಂಡ. ಅಷ್ಟರಲ್ಲಿ ಬಟ್ಟೆಗಳ ರಾಶಿಯ ಮೇಲಿಟ್ಟಿದ್ದ ಮೊಬೈಲೊಂದು ಬಡಿದುಕೊಳ್ಳತೊಡಗಿತು. ‘ಅಮ್ಮ’ ಎಂದು ಬಂದಿತ್ತು. ಯಾರೂ ಎತ್ತಲಿಲ್ಲ. ನಿಂತು ಮತ್ತೆ ಬಡಿದುಕೊಂಡಿತು. ಕೊನೆಗೆ ನಡುಗುತ್ತಿದ್ದ ಹುಡುಗನೇ ಕೈ ಚಾಚಿದ. ಗಂಟಲು ಸರಿಮಾಡಿಕೊಂಡ.

“ಹಾಂ ಅಮ್ಮಾ. ಹಾಸ್ಟೆಲಲ್ಲೇ. ಇಲ್ಲಮ್ಮ, ಈಗಷ್ಟೇ ಎದ್ದೆ. ಟಿಫನ್ನಾ? ಆಯ್ತು.”

ಮೂಗಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಜೀವರಕ್ಷಕ ಮುಖ ತಿರುಗಿಸಿ ಕಡಲ ಕಡೆ ನೋಡಿದ. ಮೇಷ್ಟರಿಗೂ ನಿಲ್ಲಲಾಗಲಿಲ್ಲ, “ನಡಿ ಪುಟ್ಟಿ” ಎಂದು ಚೀಲ ಎತ್ತಿಕೊಂಡರು.

ಓಂ ತೀರದಿಂದ ಮುಂದೆ ವಾಹನದ ದಾರಿ ಇಲ್ಲ. ಗುಡ್ಡದ ಮೈಗೆ ಅಂಟಿಕೊಂಡ ಕಾಲುದಾರಿ, ಬಲಗಡೆ ನೇರ ಕೆಳಗೆ ಬಂಡೆಗೆ ಅಪ್ಪಳಿಸುವ ನೀರು. ಚಪ್ಪಲಿ ಇಲ್ಲಿ ನಡೆಯುವುದಿಲ್ಲ, ಹಿಡಿತವಿರುವ ಬೂಟು ಬೇಕು. ಮೊಬೈಲಿನ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಒಬ್ಬೊಬ್ಬರೇ ಹೋಗುವ ಜಾಗವಲ್ಲ, ಕತ್ತಲಾದ ಮೇಲಂತೂ ಅಲ್ಲವೇ ಅಲ್ಲ. ಮಳೆಗಾಲದ ನಾಲ್ಕು ತಿಂಗಳು ಇಲ್ಲಿನ ಕಡಲು ಬೇರೆಯೇ ಆಗಿರುತ್ತದೆ; ಆಗ ನೀರಿಗೆ ಇಳಿಯುವ ಮಾತೇ ಇಲ್ಲ, ಜಾರುವ ಚಿರೆಕಲ್ಲಿನ ಮೇಲೆ ನಡೆಯುವುದೂ ಜಾಣತನವಲ್ಲ. ತಲೆಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದೊಂದು ರೆಕ್ಕೆ ಬಡಿಯದೆ ತೇಲುತ್ತಿತ್ತು. ಕೇದಗೆಯ ಮುಳ್ಳುಪೊದೆಗಳ ನಡುವೆ ಅಪ್ಪ ಮುಂದೆ, ಮಗಳು ಹಿಂದೆ.

ಹಾಫ್ ಮೂನ್ ತೀರ ಸಣ್ಣದು. ಬಂಡೆಗಳ ನಡುವೆ ಒಂದು ಹಿಡಿ ಮರಳು ಎನ್ನಬಹುದು. ಅಲ್ಲಿ ಮರದ ನೆರಳಿನಲ್ಲಿ ಕುಳಿತು ಚೂಡಾ ಬಿಚ್ಚಿದರು. ಮಗಳು ಮತ್ತೆ ಕೇಳಿದಳು: “ಹಗ್ಗ ಯಾಕೆ ಅಪ್ಪಾಜಿ?”

ಆಗ ಮೇಷ್ಟರು ಹೇಳಿದರು. ತಮಗೆ ಹನ್ನೆರಡು ವರ್ಷವಾಗಿದ್ದಾಗ ಊರ ಕೆರೆಗೆ ಮೂವರು ಹುಡುಗರು ಹೋದದ್ದು. ಮನೆಯಲ್ಲಿ ಕೆರೆಯ ಹೆಸರೆತ್ತಿದರೆ ಬಾಸುಂಡೆ ಬರುವಂತೆ ಬಡಿಯುತ್ತಿದ್ದರಿಂದ ‘ಲೆಕ್ಕ ಬಿಡಿಸಲು ಹೋಗುತ್ತೇವೆ’ ಎಂದು ಹೇಳಿ ಹೋದದ್ದು. ಇವರಿಗೆ ಈಜು ಬಾರದು. ಬಟ್ಟೆ ಕಾಯುವ ಕೆಲಸ ಇವರದು. ಇಬ್ಬರು ಇಳಿದರು, ಒಬ್ಬ ಹತ್ತಿದ. ಏರಿಯ ಮೇಲೆ ಹಗ್ಗವೊಂದು ಇದ್ದಿದ್ದರೆ ಎಂದು ಇವರು ಇಂದಿಗೂ ಲೆಕ್ಕ ಹಾಕುತ್ತಾರೆ. ಆ ಗೆಳೆಯನ ಅಂಗಿ ಚಡ್ಡಿಯನ್ನು ಮಡಚಿ ಅವನ ತಾಯಿಯ ಕೈಗೆ ಕೊಟ್ಟವರು ಇವರೇ. ಆ ತಾಯಿ ಮೊದಲು ಕೇಳಿದ್ದು, “ಲೆಕ್ಕ ಮುಗೀತೇನಪ್ಪಾ?”

ಮಗಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ಇದನ್ನ ನೀವು ನನಗೆ ಯಾವತ್ತೂ ಹೇಳಿಲ್ಲ” ಎಂದಳು.

“ಹೇಳಿದ್ರೆ ನೀನು ಹೆದರ್ತಿದ್ದೆ.”

“ಹೇಳದೇ ಇದ್ದಿದ್ದಕ್ಕೆ ಬರೀ ಕೋಪ ಬಂತು” ಎಂದಳು. ಸ್ವಲ್ಪ ತಡೆದು, ಕಾಲಿನಿಂದ ಮರಳು ಕೆದಕುತ್ತ, “ಸಹಿ ನಾನೇ ಹಾಕಿ ಕೊಟ್ಟುಬಿಡೋಣ ಅಂತ ಒಂದ್ಸಲ ಅನ್ನಿಸಿತ್ತು. ನಿಮ್ಮ ಸಹಿ ನನಗೆ ಚೆನ್ನಾಗಿ ಬರುತ್ತೆ” ಎಂದಳು.

ಮೇಷ್ಟರು ಚೂಡಾದಲ್ಲಿ ಶೇಂಗಾ ಹುಡುಕಿದರು. ಅಂಥ ಮಾತಿಗೆ ಅಪ್ಪಂದಿರು ಮತ್ತೇನು ಮಾಡಿಯಾರು?

ಪ್ಯಾರಡೈಸ್ ತೀರದ ತನಕದ ಹಾದಿ ಕೊನೆಯಲ್ಲಿ ಬಂಡೆಗಳ ಮೇಲಿನ ಹಾದಿಯೇ ಆಗುತ್ತದೆ. ಉಬ್ಬರದ ಹೊತ್ತಿನಲ್ಲಿ ಕೆಳಗಿನ ಬಂಡೆಗಳು ನೆನೆದು ಜಾರುತ್ತವೆ. ಎಷ್ಟು ಹೊತ್ತಿಗೆ ಉಬ್ಬರ, ಎಷ್ಟು ಹೊತ್ತಿಗೆ ಇಳಿತ ಎಂದು ಊರಿನವರನ್ನು ಕೇಳಿಕೊಂಡೇ ಹೊರಡಬೇಕು. ಜೀವರಕ್ಷಕ ಹೇಳಿಕೊಟ್ಟಿದ್ದರಿಂದ ಇವರು ಮೇಲಿನ ದಾರಿ ಹಿಡಿದರು. ಬಿಸಿಲು ನೆತ್ತಿಗೇರಿತ್ತು, ನೀರು ಅರ್ಧ ಬಾಟಲಿಗೆ ಬಂದಿತ್ತು. ಆ ತೀರದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹೆಸರಿಗೆ ತಕ್ಕಂತೆ ಚಂದ, ಬಂದವರು ಬಿಟ್ಟುಹೋದ ಬಾಟಲಿಗಳನ್ನು ಬಿಟ್ಟರೆ. ಮಗಳು ನಾಲ್ಕು ಬಾಟಲಿ ಆರಿಸಿ ಚೀಲಕ್ಕೆ ಹಾಕಿಕೊಂಡಳು. ಬಿರಡೆ ಇದ್ದವನ್ನೇ ಆರಿಸಿದ್ದನ್ನು ಮೇಷ್ಟರು ಗಮನಿಸಿದರು.

ಅಲ್ಲಿಂದ ಬೇಲೆಖಾನದ ಕಡೆಗೆ ಇಳಿದು, ಊರಿನ ದಾರಿಯಲ್ಲಿ ತದಡಿ ಬಂದರಿಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಇಷ್ಟು ಹೊತ್ತು ಸಮುದ್ರ ಎಂದರೆ ಗುಡ್ಡಕ್ಕೆ ಬಡಿಯುವ ನೀರಾಗಿದ್ದದ್ದು ಇಲ್ಲಿ ಬೇರೆ ರೂಪ ತಾಳುತ್ತದೆ. ಶಿರಸಿಯ ಕಡೆಯ ಕಾಡಿನಲ್ಲಿ ಹುಟ್ಟಿ, ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟಿಗೆ ಸಿಕ್ಕದೆ ಬಂದ ಅಘನಾಶಿನಿ ಇಲ್ಲಿ ಸಮುದ್ರ ಸೇರುತ್ತದೆ. ಸಿಹಿನೀರು ಉಪ್ಪುನೀರು ಬೆರೆಯುವ ಈ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಮಕ್ಕಳು ಇಳಿದು ಬಳಚು ಆರಿಸುತ್ತಾರೆ. ಉಪ್ಪುನೀರು ನುಗ್ಗಿದರೂ ಬದುಕುವ ಕಗ್ಗ ಎಂಬ ಭತ್ತ ಇಲ್ಲಿನ ಗಜನಿ ಗದ್ದೆಗಳದ್ದು. ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ಪಟ್ಟಿಗೆ ಸೇರಿತು.

ದಕ್ಕೆಯ ಹತ್ತಿರ ದೋಣಿಯ ನೆರಳಿನಲ್ಲಿ ಇಬ್ಬರೂ ಕುಳಿತರು. ಎದುರು ದಡದಲ್ಲಿ ಅಘನಾಶಿನಿ ಎಂಬ ಊರು ಕಾಣುತ್ತಿತ್ತು. ಸೊಂಟದುದ್ದದ ನೀರಿನಲ್ಲಿ ನಿಂತು ಬುಟ್ಟಿ ಜಾಲಾಡುತ್ತಿದ್ದ ಅಜ್ಜಿಯೊಬ್ಬರ ಪಕ್ಕದಲ್ಲಿ ಏಳೆಂಟು ವರ್ಷದ ಮೊಮ್ಮಗಳು ಕಪ್ಪೆಯಂತೆ ಈಜಾಡುತ್ತಿದ್ದಳು. ಅಜ್ಜಿ ಕೆಲಸದ ನಡುವೆ ತಲೆ ಎತ್ತದೆಯೇ “ಅತ್ಲಾಗೆ ಹೋಗಬೇಡ, ಇತ್ಲಾಗೆ ಬಾ” ಎನ್ನುತ್ತಿದ್ದರು. ಹುಡುಗಿ ಇತ್ಲಾಗೆ ಬರುತ್ತಿದ್ದಳು.

“ದಾವಣಗೆರೇಲಿ ಈಜು ಕಲಿಸ್ತಾರೆ ಅಪ್ಪಾಜಿ. ಬೇಸಿಗೆ ರಜೆಗೆ ಕ್ಲಾಸ್ ಇರುತ್ತೆ” ಎಂದಳು ಮಗಳು.

“ಎಷ್ಟು ಫೀಸು?”

“ಇಬ್ಬರಿಗಾ?”

ಮೇಷ್ಟರು ಉತ್ತರ ಯೋಚಿಸುತ್ತಿದ್ದಾಗ ಮೊಬೈಲು ಬಡಿದುಕೊಂಡಿತು. ಮನೆಯಿಂದ. ಬೆಳಗಿನಿಂದ ಸಿಗ್ನಲ್ ಸಿಗದೆ ತಾಯಿ ಹತ್ತು ಸಲ ಪ್ರಯತ್ನಿಸಿದ್ದರಂತೆ. ಬಿಸಿಲಿದೆಯೇ, ಊಟವಾಯಿತೇ, ಕಾಲು ನೋಯುತ್ತಿದೆಯೇ ಎಂಬುದೆಲ್ಲ ಮುಗಿದ ಮೇಲೆ ಅಸಲಿ ಪ್ರಶ್ನೆ ಬಂತು. ದನಿ ಹೊರಗೂ ಕೇಳುವಷ್ಟು ಸ್ಪಷ್ಟವಾಗಿತ್ತು.

“ನೀರಿಗೇನೂ ಇಳೀಲಿಲ್ಲ ತಾನೇ?”

‘ಇಲ್ಲ’ ಎಂಬ ಮಾತು ಮೇಷ್ಟರ ನಾಲಿಗೆಯ ತುದಿಗೆ ಬಂದಿತ್ತು. ಮಗಳು ಅವರನ್ನೇ ನೋಡುತ್ತಿದ್ದಳು.

“ಇಳಿದ್ವಿ” ಎಂದರು. “ಮೊಣಕಾಲವರೆಗೆ. ನಾನೂ ಇಳಿದೆ.”

ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಬಳಿಕ ತಾಯಿ ಕೇಳಿದರು: “ಒಣಗಿದ ಪ್ಯಾಂಟು ಇನ್ನೊಂದು ಇಟ್ಟಿದ್ದೆನಲ್ಲ, ಹಾಕ್ಕೊಂಡ್ರಾ?”